ನಾಲ್ಕನೆಯ ನಿಮಿಷದ ಗಂಟೆ

೩ ಫೆಬ್ರವರಿ

ಮಾನ್ಯರೆ,

ವಿಷಯ: ಕೆಳದವಡೆಯ ಹಲ್ಲಿನ ಸೆಟ್ಟು.

ಒಂಬತ್ತು ವರ್ಷಗಳ ಹಿಂದೆ ತಾವು ನನಗೆ ತಯಾರಿಸಿಕೊಟ್ಟ ಎರಡು ಹಲ್ಲಿನ ಸೆಟ್ಟುಗಳಲ್ಲಿ ಕೆಳಗಿನದು ಕಳೆದ ತಿಂಗಳು, ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ತಪಾಸಣೆ ಮುಗಿಸಿ ನಾನು ಕೆಲಸಗಾರರಿಗೆ ಎಚ್ಚರಿಕೆಯ ಮಾತು ಹೇಳುತ್ತಿರುವಾಗಲೇ ನಡುವಿಗೆ ಸರಿಯಾಗಿ ಎರಡು ಹೋಳಾಯಿತು. ಇಲ್ಲಿ ಇಬ್ಬರು ದಂತವೈದ್ಯರನ್ನು ಕಂಡೆ. ಮೊದಲನೆಯವರು ಮಾಡಿಸಿಕೊಟ್ಟ ಹೊಸ ಸೆಟ್ಟು ‘ಸ’ಕಾರ ಬಂದಾಗಲೆಲ್ಲ ಸಿಳ್ಳೆ ಹಾಕುತ್ತದೆ. ‘ಸುರಕ್ಷತೆ’ ಎಂಬ ಪದವನ್ನು ದಿನಕ್ಕೆ ಐವತ್ತು ಸಲ ಉಚ್ಚರಿಸಬೇಕಾದ ವೃತ್ತಿಯವನಿಗೆ ಅದು ಉಪಯೋಗಕ್ಕೆ ಬಾರದು. ಎರಡನೆಯವರು, ಮೂಲ ಅಚ್ಚು ಸಿಕ್ಕರೆ ಮಾತ್ರ ಪ್ರಯತ್ನಿಸಬಹುದೆಂದರು.

ನನ್ನ ದವಡೆಯ ಆ ಗಾರೆಯ ಅಚ್ಚು ತಮ್ಮಲ್ಲಿರಬೇಕು. ಅದನ್ನು ಅಂಚೆಯ ಮೂಲಕ ಕಳುಹಿಸಿಕೊಡಬೇಕೆಂದು ಕೋರಿಕೆ.

ಈ ಪತ್ರವು ಮೇಲ್ಕಂಡ ವಿಷಯಕ್ಕೆ ಮಾತ್ರ ಸೀಮಿತವಾದದ್ದು. ನಾಲ್ಕು ವರ್ಷಗಳ ಮೌನವನ್ನು ಮುರಿದದ್ದು ನಾನಲ್ಲ, ಹಲ್ಲು.

ಇತಿ,
ತಮ್ಮ ಹಳೆಯ ಗ್ರಾಹಕ


೧೧ ಫೆಬ್ರವರಿ

ಪೀಠಿಕೆ,

ನೀನು ‘ಮಾನ್ಯರೆ’ ಎಂದು ಬರೆದರೂ ನಾನು ಪೀಠಿಕೆ ಎಂದೇ ಬರೆಯುತ್ತೇನೆ. ಕಾಲೇಜಿನಲ್ಲಿ ಐದು ನಿಮಿಷದ ಭಾಷಣಕ್ಕೆ ನಾಲ್ಕು ನಿಮಿಷ ಪೀಠಿಕೆ ಹಾಕಿ, ಎಚ್ಚರಿಕೆಯ ಗಂಟೆ ಬಿದ್ದ ಮೇಲೆ ಉಳಿದ ಒಂದೇ ನಿಮಿಷದಲ್ಲಿ ಇಡೀ ಸಭೆಯನ್ನು ಕಟ್ಟಿಹಾಕುತ್ತಿದ್ದವನಿಗೆ ಆ ಹೆಸರಿಟ್ಟವನು ನಾನೇ ತಾನೆ. ನೀನು ನನಗಿಟ್ಟ ಹೆಸರಿನಿಂದ ನಾಲ್ಕು ವರ್ಷದಿಂದ ಯಾರೂ ನನ್ನನ್ನು ಕರೆದಿಲ್ಲ. ಇಲ್ಲಿ ಎಲ್ಲರಿಗೂ ನಾನು ‘ಹಲ್ಲಿನವನು’.

ನಿನ್ನ ದವಡೆ ಕ್ಷೇಮವಾಗಿದೆ. ಕಿಟಕಿಯ ಪಕ್ಕದ ಕಪಾಟಿನಲ್ಲಿ, ಮೂರನೆಯ ಸಾಲಿನಲ್ಲಿ, ಒಬ್ಬ ಅಂಚೆಯವನ ದವಡೆಗೂ ಒಬ್ಬ ನಿವೃತ್ತ ದಾದಿಯ ದವಡೆಗೂ ನಡುವೆ ಕೂತಿದೆ. ಪ್ರತಿ ಶನಿವಾರ ಧೂಳು ಒರೆಸುತ್ತೇನೆ. ಮಾತಾಡದೆ ಕೂತ ನಿನ್ನನ್ನು ನೋಡುವ ಭಾಗ್ಯ ಈ ಲೋಕದಲ್ಲಿ ನನಗೊಬ್ಬನಿಗೇ.

ಆದರೆ ಅದನ್ನು ಕಳಿಸಿ ಪ್ರಯೋಜನವಿಲ್ಲ. ಹಲ್ಲಿಲ್ಲದ ದವಡೆ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಅದರ ಮೇಲೆ ಏನು ಕಟ್ಟಿದರೂ ಅದು ಹಳೆಯ ನಿನಗೆ ಕೂರುತ್ತದೆಯೇ ಹೊರತು ಈಗಿನ ನಿನಗಲ್ಲ. ಹೊಸ ಅಚ್ಚು ತೆಗೆಯಬೇಕು. ಅದಕ್ಕೆ ನೀನೇ ಬರಬೇಕು. ಒಂದು ರಾತ್ರಿಯ ರೈಲು ಪ್ರಯಾಣ. ಹಿಂದಿನ ಸಲ ನೆನಪಿದೆಯೇ? ಬಾಯಿ ತುಂಬ ಗಾರೆ ತುಂಬಿಸಿ, ಅದು ಗಟ್ಟಿಯಾಗುವ ತನಕ ಐದು ನಿಮಿಷ ಅಲ್ಲಾಡದಂತೆ ಕೂರಿಸಿದ್ದೆ. ನಿನ್ನ ಜೊತೆ ಬಂದಿದ್ದ ಮರಿಗೆ ಆಗ ಹತ್ತೊಂಬತ್ತು. “ಐದು ನಿಮಿಷ ಅಪ್ಪ ಬಾಯೇ ಬಿಡಲಿಲ್ಲ! ಮಾಮ, ಇದನ್ನ ಮನೆಗೂ ಒಂದು ಡಬ್ಬ ಕಟ್ಟಿಕೊಡಿ, ಅಮ್ಮಂಗೆ ಬೇಕಾಗತ್ತೆ” ಎಂದು ನಕ್ಕಿದ್ದಳು.

ಬರುವುದಾದರೆ ಇನ್ನೊಂದು ವಿಷಯವೂ ಇದೆ. ಎದುರಿಗೆ ಕೂತು ಹೇಳಬೇಕಾದದ್ದು. ಸದ್ಯಕ್ಕೆ ಒಡೆದ ಹೋಳುಗಳನ್ನು ಕಳಿಸು, ಅಂಟಿಸಿಕೊಡುತ್ತೇನೆ.

ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು. ತಿಳಿಸಲಾರೆ ಎಂದು ಗೊತ್ತು, ಆದರೂ ಬರೆದಿದ್ದೇನೆ.

ಚಟಾಕಿ


೨೦ ಫೆಬ್ರವರಿ

ಮಾನ್ಯರೆ,

ಎರಡು ಹೋಳುಗಳನ್ನು ಹತ್ತಿಯಲ್ಲಿ ಸುತ್ತಿ ಲಗತ್ತಿಸಿದ್ದೇನೆ. ನಾನು ಬರುವುದು ಸಾಧ್ಯವಿಲ್ಲ.

ನನ್ನ ಮಗಳ ನಗುವನ್ನು ನನಗೆ ನೆನಪಿಸುವ ಶ್ರಮವನ್ನು ತಾವು ತೆಗೆದುಕೊಳ್ಳಬೇಕಾಗಿಲ್ಲ. ಎದುರಿಗೆ ಕೂತು ಹೇಳಬೇಕಾದ ವಿಷಯ ಯಾವುದೆಂಬುದನ್ನೂ ಊಹಿಸಬಲ್ಲೆ. ತಮಗೆ ಸಮರ್ಥನೆ ಬೇಕಾಗಿದೆ. ಅದಕ್ಕೆ ಸಭೆ ಬೇಕಾಗಿದೆ. ಸಭೆಯನ್ನು ಸೇರಿಸುವ ಮೊದಲು ಆರೋಪವೇನೆಂಬುದು ಲಿಖಿತವಾಗಿರಲಿ.

ನಮ್ಮ ಮನೆಯಲ್ಲಿ ಒಂದು ನಿಯಮವಿತ್ತು. ಭಿನ್ನಾಭಿಪ್ರಾಯ ಬಂದಾಗ, ಅದು ಬೂಟಿನ ಬಣ್ಣದ ಬಗ್ಗೆಯೇ ಇರಲಿ, ನಾಯಿ ಸಾಕುವ ಬಗ್ಗೆಯೇ ಇರಲಿ, ಊಟದ ಮೇಜಿನ ಎರಡು ಬದಿಗೆ ಪರ ಒಬ್ಬರು, ವಿರೋಧ ಒಬ್ಬರು ಕೂತು ತಲಾ ಐದು ನಿಮಿಷ ಮಾತನಾಡುವುದು. ನನ್ನ ಪತ್ನಿ ತೀರ್ಪು ಕೊಡುವುದು. ಮಗಳು ಚಮಚದಿಂದ ಗಾಜಿನ ಲೋಟಕ್ಕೆ ಬಾರಿಸಿ ಕಾಲ ತಿಳಿಸುವುದು. ನಾಲ್ಕನೆಯ ನಿಮಿಷಕ್ಕೆ ಒಂದು ಸಲ, ಎಚ್ಚರಿಕೆ. ಐದನೆಯದಕ್ಕೆ ಎರಡು ಸಲ, ಮುಕ್ತಾಯ. ಅನಂತರ ವಾಕ್ಯ ಅರ್ಧಕ್ಕೆ ನಿಂತಿದ್ದರೂ ಕೂತುಬಿಡಬೇಕು. ತನ್ನ ಮೊಕದ್ದಮೆಗೆ ತಾನೇ ವಕೀಲನಾಗಬಾರದು ಎಂಬುದೂ ನಿಯಮವೇ. ಆದ್ದರಿಂದ, ಸೇತುವೆಗಳನ್ನು ಪರೀಕ್ಷಿಸುವ ಕೆಲಸಕ್ಕೆ ತಾನು ಸೇರಬೇಕೆಂದು ಅವಳು ಹಟ ಹಿಡಿದ ಆ ಭಾನುವಾರದ ಮಧ್ಯಾಹ್ನ, ನಮ್ಮಲ್ಲಿಗೆ ಬಂದಿದ್ದ ತಾವು ಅವಳ ಪರ ಮಾತನಾಡಿದಿರಿ. ವಿರೋಧ ನಾನು.

ತಾವು ಹೇಳಿದ್ದು ಅಕ್ಷರಶಃ ನೆನಪಿದೆ. “ಮೂವತ್ತು ವರ್ಷ ಬಾಯ್ಲರ್ ಹೊಟ್ಟೆಯೊಳಗೆ ತಲೆ ತೂರಿಸಿ ಬಂದವನು, ಮಗಳೇ ನೀನು ಸೇತುವೆ ಕೆಳಗೆ ನೇತಾಡಬೇಡ ಅಂತಾನೆ. ಸ್ವಾಮಿ, ಬೆಂಕಿಗಿಂತ ಗಾಳಿ ಮೇಲಲ್ವೇ?” ಎಲ್ಲರೂ ನಕ್ಕರು. ನಾನೂ ನಕ್ಕೆ. ಎರಡು ಅಂಕಗಳಿಂದ ತಾವು ಗೆದ್ದಿರಿ. ನಾನು ಎದ್ದು ಕೈ ಚಾಚಿ ಅಭಿನಂದಿಸಿದೆ. ತಾವು ಧನ್ಯವಾದ ಎಂದಿರಿ. ಎಂದಿನಂತೆ.

ಹನ್ನೊಂದು ತಿಂಗಳ ನಂತರ ಅವಳಿದ್ದ ತೊಟ್ಟಿಲಿನ ಪಿನ್ನು ಜಾರಿತು. ಸೇತುವೆಯ ಅಡಿಯಲ್ಲಿ ಕೆಲಸಗಾರರನ್ನು ತೂಗಿಬಿಡುವ ಕಬ್ಬಿಣದ ಬುಟ್ಟಿಗೆ ಅವರು ತೊಟ್ಟಿಲು ಎನ್ನುತ್ತಾರೆ. ಅಪಘಾತದ ತನಿಖಾ ವರದಿಯ ನಲವತ್ತೊಂದು ಪುಟಗಳಲ್ಲಿ ಆ ಪದ ಅರವತ್ತು ಸಲ ಬರುತ್ತದೆ.

ಅವಳನ್ನು ಕೊನೆಯ ಸಲ ಕಳಿಸಿಕೊಟ್ಟ ದಿನ ನೀನು ಬಾಗಿಲಲ್ಲಿ ಬಂದು ನಿಂತೆ. ನಾನು ಎದ್ದು ಬಂದೆ, ಕೈ ಚಾಚಿದೆ, “ಅಭಿನಂದನೆಗಳು” ಎಂದೆ. ಅದು ಕ್ರೂರ, ಅಲ್ಲಗಳೆಯುವುದಿಲ್ಲ. ಆದರೆ ಮನುಷ್ಯನಾದವನು ಆ ಮಾತಿಗೆ ಅಳಬಹುದಿತ್ತು, ಬೈಯಬಹುದಿತ್ತು, ನನ್ನ ಕಪಾಳಕ್ಕೆ ಬಾರಿಸಬಹುದಿತ್ತು. ನೀನು ನನ್ನ ಕೈ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು, “ಧನ್ಯವಾದ” ಎಂದೆ. ನನ್ನ ಮಗಳು ಇನ್ನೂ ಹಜಾರದಲ್ಲಿಯೇ ಇದ್ದಳು.

ಆ ಪದಕ್ಕೆ ತಾವು ಯಾವ ಸಮರ್ಥನೆ ಕೊಡಬಲ್ಲಿರಿ?

ಇತಿ,
ತಮ್ಮ ಹಳೆಯ ಗ್ರಾಹಕ


೨ ಮಾರ್ಚ್

ಪೀಠಿಕೆ,

ಸೆಟ್ಟನ್ನು ಅಂಟಿಸಿ ಕಳಿಸಿದ್ದೇನೆ. ಎರಡು ವಾರ ಬಾಳಬಹುದು. ಗಟ್ಟಿಯಾದದ್ದನ್ನು ಕಚ್ಚಬೇಡ, ಮನುಷ್ಯರನ್ನೂ ಸೇರಿಸಿ.

ಆ ಪದದ ಬಗ್ಗೆ. ಕಾಲೇಜಿನ ಸಭಾಂಗಣದ ಹಿಂದಿನ, ಚರ್ಚೆಯ ಅಭ್ಯಾಸ ಮಾಡುತ್ತಿದ್ದ ಆ ಕೋಣೆ ನೆನಪು ಮಾಡಿಕೋ. ಮುರಿದ ಬೆಂಚುಗಳು, ಒಂದೇ ಕಿಟಕಿ. ಮೊದಲ ವರ್ಷ ನೀನು ನನ್ನ ಮುಂದೆ ಸೋತು ಮುಖ ಊದಿಸಿಕೊಂಡು ಕೈ ಕೊಡದೆ ಹೋದ ಮಾರನೆಯ ದಿನ ಮೇಷ್ಟ್ರು ನಮ್ಮಿಬ್ಬರನ್ನೂ ಎದುರುಬದುರು ನಿಲ್ಲಿಸಿದರು. “ಸೋತವನು ಕೈ ಚಾಚಬೇಕು, ಅಭಿನಂದನೆ ಅನ್ನಬೇಕು. ಗೆದ್ದವನು ಆ ಕ್ಷಣವೇ ಧನ್ಯವಾದ ಅನ್ನಬೇಕು. ಮುಖದ ಮೇಲೆ ಏನೂ ಕಾಣಕೂಡದು. ಹ್ಞೂಂ, ಮತ್ತೆ! ಏನಯ್ಯ ಅದು, ಹರಳೆಣ್ಣೆ ಕುಡಿದವನ ಹಾಗೆ? ಮತ್ತೆ!” ನೂರು ಸಲ ಮಾಡಿಸಿದರು. ಅದಾದ ಮೇಲೆ ಮೂವತ್ತೈದು ವರ್ಷ ನಾವೇ ಮಾಡಿಕೊಂಡು ಬಂದೆವು. ಇಸ್ಪೀಟಿನಲ್ಲಿ, ಚದುರಂಗದಲ್ಲಿ, ಯಾರು ಮೊದಲು ಬೋಳಾಗುತ್ತಾರೆ ಎಂಬುದರಲ್ಲಿ.

ಅವತ್ತು ನಿನ್ನ ಕೈ ಬಂತು. ನಿನ್ನ ಪದ ಬಂತು. ನನ್ನ ಬಾಯಿ ತನ್ನ ಪಾಲಿನದನ್ನು ಹೇಳಿತು. ಬಾಯಿ ಹೇಳಿಯಾದ ಮೇಲೆ ಕಿವಿಗೆ ಕೇಳಿಸಿತು. ನಿನ್ನ ಭಾವಮೈದುನ ತೋಳು ಹಿಡಿದು ನನ್ನನ್ನು ಹೊರಗೆ ಬಿಟ್ಟ. ಬಸ್ಸು ನಿಲ್ಲುವಲ್ಲಿ ಕಲ್ಲು ಬೆಂಚಿನ ಮೇಲೆ ಕೂತು ನನ್ನ ಬಾಯಿಗೆ ನಾನೇ ಹೊಡೆದುಕೊಂಡೆ. ಪಕ್ಕದಲ್ಲಿದ್ದ ಒಬ್ಬ ಹೆಂಗಸು “ಹಲ್ಲುನೋವಾ?” ಎಂದು ಕೇಳಿದಳು. ಹೌದು ಎಂದೆ. ಊರಿನ ಬಾಯನ್ನೆಲ್ಲ ಸರಿ ಮಾಡುವವನಿಗೆ ಅವತ್ತು ತನ್ನ ಬಾಯಿ ಕೈಗೆ ಸಿಗಲಿಲ್ಲ.

ಇಷ್ಟೇ. ಇದು ಸಮರ್ಥನೆಯಲ್ಲ, ನಡೆದದ್ದು.

ನಾನೂ ಒಂದು ಕೇಳಲೇ? ಆ ಭಾನುವಾರ ನೀನು ಮಾತು ಮುಗಿಸಲಿಲ್ಲ. “ಕಳೆದ ಹನ್ನೆರಡು ವರ್ಷಗಳಲ್ಲಿ” ಎಂದು ಅಪಘಾತಗಳ ಲೆಕ್ಕ ಹೇಳುತ್ತಿದ್ದಂತೆಯೇ ಕೊನೆಯ ಗಂಟೆ ಬಿತ್ತು, ಕೂತುಬಿಟ್ಟೆ. ನಿನ್ನ ಕೊನೆಯ ವಾಕ್ಯ ಏನಿತ್ತು? ಕೊನೆಯ ನಿಮಿಷಕ್ಕೆಂದು ಏನೋ ಎತ್ತಿಟ್ಟುಕೊಳ್ಳದೆ ಮಾತಿಗೆ ನಿಂತವನಲ್ಲ ನೀನು.

ಚಟಾಕಿ


೯ ಮಾರ್ಚ್

ಚಟಾಕಿಗೆ,

ಸೆಟ್ಟು ತಲುಪಿತು. ಅಂಟು ಹಾಕಿದ ಗೆರೆ ನಾಲಿಗೆಗೆ ತಾಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ‘ಸುರಕ್ಷತೆ’ ಸರಿಯಾಗಿ ಬರುತ್ತಿದೆ. ನಾಲ್ಕು ವರ್ಷದಿಂದ ನಿನ್ನನ್ನು ಬೈದದ್ದೆಲ್ಲ ನೀನು ಕಟ್ಟಿದ ಹಲ್ಲುಗಳಿಂದಲೇ ಎಂಬುದನ್ನು ನನ್ನ ಪತ್ನಿ ಈ ಸಂದರ್ಭದಲ್ಲಿ ನೆನಪಿಸಿದಳು. “ಬೈಯೋಕೆ ಹಲ್ಲು ಬೇಕು, ಸರಿ. ಕ್ಷಮಿಸೋಕೆ ಬೇಡ ಕಣ್ರೀ, ಬೊಚ್ಚುಬಾಯಲ್ಲೂ ಆಗತ್ತೆ” ಎಂದಳು.

ನಿನ್ನ ವಿವರಣೆಯನ್ನು ಎರಡು ಸಲ ಓದಿದೆ. ತರ್ಕಕ್ಕೆ ನಿಲ್ಲುತ್ತದೆ. ನಾನು ‘ಅಭಿನಂದನೆ’ ಎಂದದ್ದು ಬೇಕೆಂದೇ; ನೀನು ‘ಧನ್ಯವಾದ’ ಎಂದದ್ದು ಅಭ್ಯಾಸಬಲದಿಂದ. ಆ ಒಂದು ಪದದ ಮಟ್ಟಿಗೆ ನನ್ನ ಆರೋಪವನ್ನು ಹಿಂತೆಗೆದುಕೊಳ್ಳುತ್ತೇನೆ. ಉಳಿದದ್ದು ಉಳಿದೇ ಇದೆ.

ಕೊನೆಯ ವಾಕ್ಯವನ್ನು ಕೇಳಿದ್ದೀಯೆ. ಕೇಳಿಸಿಕೊಳ್ಳಬೇಕಾದವಳೇ ಕೇಳಿಸಿಕೊಳ್ಳಲಿಲ್ಲ, ನಿನಗೆ ಹೇಳಲಾರೆ. ಅದು ಏಕೆ ಉಳಿದುಹೋಯಿತು ಎಂಬುದನ್ನು ಮಾತ್ರ ಬರೆಯುತ್ತೇನೆ. ಇದನ್ನು ನನ್ನ ಪತ್ನಿಗೂ ಹೇಳಿಲ್ಲ.

ಅಂದು ನಾಲ್ಕನೆಯ ನಿಮಿಷದ ಗಂಟೆ ಬೀಳಲಿಲ್ಲ.

ನೀನು ಗಮನಿಸಿರಲಾರೆ, ಗೆಲ್ಲುವವರು ಗಂಟೆ ಎಣಿಸುವುದಿಲ್ಲ. ನನ್ನ ಮಾತಿನ ಕಟ್ಟಡವೆಲ್ಲ ಆ ಒಂದು ಸದ್ದಿನ ಮೇಲೆ ನಿಂತಿರುತ್ತದೆಂಬುದು ಆರನೆಯ ವಯಸ್ಸಿನಿಂದ ಚಮಚ ಹಿಡಿದಿದ್ದ ಅವಳಿಗೆ ಗೊತ್ತಿತ್ತು. ಒಮ್ಮೆಯೂ ತಪ್ಪಿದವಳಲ್ಲ. ಮೈಯೆಲ್ಲ ಸೀತಾಳೆ ಸಿಡುಬು ಎದ್ದಿದ್ದಾಗಲೂ ಹಾಸಿಗೆಯಿಂದಲೇ ಬಾರಿಸಿದ್ದಳು. ಅಂದು ಒಂದು ಸಲದ ಗಂಟೆಯಿಲ್ಲದೆ ನೇರವಾಗಿ ಎರಡು ಸಲ ಬಿತ್ತು. ಮರೆತಳೇ? ಅವಳು ಮರೆಯುವವಳಲ್ಲ. ಅಪ್ಪ ಸೋಲಲಿ ಎಂದು ಬಯಸಿದಳು, ಸೋಲಿಸಿದಳು.

ತೀರಿಹೋದ ಮಗಳ ಮೇಲೆ ತಂದೆಗೆ ಕೋಪವಿದೆಯೆಂದು ಯಾರಿಗೆ ಹೇಳುವುದು? ಅವಳ ಭಾವಚಿತ್ರವನ್ನು ಹಜಾರದ ಗೋಡೆಯಿಂದ ತೆಗೆಸಿ ಬೀರುವಿನಲ್ಲಿ, ಮುಖ ಕೆಳಗೆ ಮಾಡಿ ಇಟ್ಟಿದ್ದೇನೆ. ದುಃಖ ತಾಳಲಾರದೆ ಹಾಗೆ ಮಾಡಿದೆನೆಂದು ಮನೆಯವರು ತಿಳಿದಿದ್ದಾರೆ. ತಿಳಿದಿರಲಿ.

ಈ ಸಂಗತಿಯನ್ನು ನೀನು ಮತ್ತೆ ಎತ್ತಬಾರದು.


೩೦ ಏಪ್ರಿಲ್

ಪೀಠಿಕೆ,

ಏಳು ವಾರ ತಡವಾಯಿತು. ಈ ಪತ್ರವನ್ನು ಎಷ್ಟು ಸಲ ಬರೆದು ಹರಿದೆನೆಂದು ಕೇಳಬೇಡ. ಹರಿದ ಹಾಗೆಲ್ಲ ಬೀರುವಿನಲ್ಲಿ ಮುಖ ಕೆಳಗಾಗಿ ಮಲಗಿರುವ ಮರಿ ನೆನಪಾಗುತ್ತಿದ್ದಳು. ನಿನ್ನ ಸ್ನೇಹ ಉಳಿಸಿಕೊಳ್ಳುವುದೋ ಅವಳನ್ನು ಬಿಡಿಸುವುದೋ ಎಂದು ತೂಗಿ ತೂಗಿ ಸಾಕಾಗಿದೆ. ಎರಡೂ ಆಗುವ ಹಾಗಿದ್ದರೆ ಇಷ್ಟು ದಿನ ಹಿಡಿಯುತ್ತಿರಲಿಲ್ಲ.

ಆ ಗಂಟೆಯನ್ನು ಹೊಡೆಯಬೇಡ ಎಂದು ಹೇಳಿದವನು ನಾನು.

ಅವತ್ತು ಊಟದ ಮೇಲೆ ನೀರು ಕುಡಿಯಲು ಅಡುಗೆಮನೆಗೆ ಹೋದೆ. ಅವಳು ಸಿಂಕಿನ ಮುಂದೆ ನಿಂತು ಆ ಲೋಟವನ್ನೇ ತೊಳೆಯುತ್ತಿದ್ದಳು. “ಮಾಮ, ನೀವು ಎಷ್ಟೇ ನಗಿಸಿ, ಅಪ್ಪ ಕೊನೇ ನಿಮಿಷದಲ್ಲಿ ಬಂದು ಎಲ್ಲಾ ಗುಡಿಸಿಕೊಂಡು ಹೋಗ್ಬಿಡ್ತಾರೆ” ಎಂದಳು. ನಾನು, “ಕೊನೇ ನಿಮಿಷ ಬಂತು ಅಂತ ಅವನಿಗೆ ಹೇಳೋದು ಯಾರು?” ಎಂದೆ. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. “ಥೂ, ಮೋಸ ಅಲ್ವಾ ಅದು?” “ಮೋಸ ಅಲ್ಲ ಮರಿ, ತಂತ್ರ.” ಚಮಚ ಒರೆಸುತ್ತಾ ನಿಂತಳು. ಆಮೇಲೆ, “ಸರಿ. ಆದ್ರೆ ಅಪ್ಪಂಗೆ ನಾನೇ ಹೇಳ್ಬಿಡ್ತೀನಿ, ಮೊದಲನೇ ರಜಕ್ಕೆ ಬಂದಾಗ. ನೀವು ಹೇಳ್ಬಾರದು, ನಾನೇ ಹೇಳ್ಬೇಕು” ಎಂದಳು.

ಮೊದಲ ರಜೆಗೆ ಬಂದು ಹೋದ ಮೇಲೆ ನನಗೆ ಫೋನು ಮಾಡಿದಳು. “ಹೇಳೋಕಾಗ್ಲಿಲ್ಲ ಮಾಮ. ನಾನು ಸುತ್ತಿಗೇಲಿ ಬೋಲ್ಟಿಗೆ ತಟ್ಟಿ ಸದ್ದು ಕೇಳಿ ಅದು ಗಟ್ಟಿಯೋ ಟೊಳ್ಳೋ ಅಂತ ಹೇಳ್ತೀನಿ ಅಂದೆ, ಅಪ್ಪಂಗೆ ಎಷ್ಟು ಖುಷಿ ಗೊತ್ತಾ! ತಿರುಗಾ ಮುರುಗಾ ಅದನ್ನೇ ಕೇಳಿದ್ರು. ಮುಂದಿನ ಸಲ ಹೇಳ್ತೀನಿ.” ಮುಂದಿನ ಸಲವೂ ಅದೇ ಮಾತು. ಆಮೇಲೆ ಮುಂದಿನ ಸಲ ಬರಲಿಲ್ಲ.

ಏಕೆ ಮಾಡಿದೆ ಎಂದು ಕೇಳುತ್ತೀಯೆ. ಅವಳ ಆಸೆಗೋಸ್ಕರ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ನಿಜ ಬೇರೆ. ಇಸ್ಪೀಟು, ಚದುರಂಗ ಬಿಡು, ಮೇಷ್ಟ್ರು ತೀರಿಹೋದ ಮೇಲೆ ಮಾತಿನಲ್ಲಿ ನಿನ್ನೆದುರು ನಾನು ಒಂದು ಸಲವೂ ಗೆದ್ದಿರಲಿಲ್ಲ. ಮೂವತ್ತು ವರ್ಷ ‘ಅಭಿನಂದನೆ’ ಎಂದೇ ನನ್ನ ನಾಲಿಗೆ ಸವೆದಿತ್ತು. ಒಂದೇ ಒಂದು ಸಲ ಆ ಇನ್ನೊಂದು ಪದವನ್ನು ನನ್ನ ಬಾಯಿಂದ ಕೇಳಬೇಕಿತ್ತು. ನಿನ್ನ ಮಗಳ ಬದುಕು ಮೇಜಿನ ಮೇಲಿತ್ತು, ನಾನು ಅಂಕ ನೋಡುತ್ತಿದ್ದೆ.

ಹಿಂದಿನ ಪತ್ರದಲ್ಲಿ ಬರೆದದ್ದು ಸುಳ್ಳಲ್ಲ, ಅರ್ಧ ನಿಜ. ಅವತ್ತು ಬಾಗಿಲಲ್ಲಿ ನೀನು ಅಭಿನಂದನೆ ಎಂದಾಗ, ಅವಳು ಯಾವಾಗಲೋ ನಿನಗೆ ಹೇಳಿಬಿಟ್ಟಿದ್ದಾಳೆ, ನಿನಗೆಲ್ಲ ಗೊತ್ತಾಗಿದೆ ಎಂದುಕೊಂಡೆ. ಅದಕ್ಕೇ ನಾಲ್ಕು ವರ್ಷ ಬಾಯಿ ಬಿಡಲಿಲ್ಲ. ಶಿಕ್ಷೆ ಅನುಭವಿಸುತ್ತಿದ್ದೇನೆ ಎಂದುಕೊಂಡಿದ್ದೆ. ನೀನು ತಪ್ಪು ಆರೋಪಿಯನ್ನು ಒಳಗೆ ಹಾಕಿದ್ದೆಯೆಂದು ಗೊತ್ತಾದದ್ದು ಮಾರ್ಚಿನಲ್ಲಿ.

ಅವಳ ಫೋಟೋ ಗೋಡೆಗೆ ಹಾಕು. ಮಿಕ್ಕದ್ದು ನಿನ್ನ ಇಷ್ಟ.

ಚಟಾಕಿ


೬ ಮೇ

ಮಾನ್ಯರೆ,

ತಮ್ಮ ಪತ್ರ ತಲುಪಿದೆ. ಭಾವಚಿತ್ರವನ್ನು ಗೋಡೆಗೆ ಹಾಕಿಯಾಯಿತು.

ತಮ್ಮ ಕಪಾಟಿನಲ್ಲಿರುವ ನನ್ನ ದವಡೆಯ ಅಚ್ಚನ್ನು ಒಡೆದುಹಾಕಿ. ಇದಕ್ಕೆ ಉತ್ತರ ಅನಗತ್ಯ.


೧೮ ಆಗಸ್ಟ್

ಚಟಾಕಿ,

ಎರಡು ವಾರವೆಂದು ನೀನು ಹೇಳಿದ್ದ ಅಂಟು ಐದು ತಿಂಗಳು ಬಾಳಿತು. ನಿನ್ನೆ ಬ್ರೆಡ್ಡಿನ ಅಂಚು ಕಚ್ಚುವಾಗ ಅದೇ ಗೆರೆಯಲ್ಲಿ ಬಿರಿಯಿತು. ಈ ಪತ್ರಕ್ಕೆ ಅದು ಕಾರಣವಲ್ಲ. ನೆಪವೂ ಅಲ್ಲ, ನೆಪ ಹುಡುಕುವ ವಯಸ್ಸು ದಾಟಿದೆ.

ಮೇ ತಿಂಗಳ ಆ ದಿನ ಭಾವಚಿತ್ರಕ್ಕೆ ಮೊಳೆ ಹೊಡೆಯುತ್ತಿದ್ದಾಗ ನನ್ನ ಪತ್ನಿ ಬಂದು, “ಈಗ್ಯಾಕೆ?” ಎಂದಳು. ನಿನ್ನ ಪತ್ರವನ್ನು ಅವಳಿಗೆ ಪೂರ್ತಿಯಾಗಿ ಓದಿ ಹೇಳಿದೆ. ಅವಳು ನನ್ನ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಓದಿ ಮುಗಿಸಿ, “ನೋಡಿದೆಯಾ ಅವನ ಯೋಗ್ಯತೆ?” ಎಂದೆ. ನಿನ್ನನ್ನು ಶಪಿಸುತ್ತಾಳೆಂದು ಕಾದೆ.

“ಆವತ್ತು ಗಡಿಯಾರ ಎಲ್ಲಿತ್ತು ರೀ?” ಎಂದಳು.

“ಎಲ್ಲಿರತ್ತೆ? ಗೋಡೆ ಮೇಲೆ.”

“ಯಾವ ಗೋಡೆ?”

ನಾನು ಪತ್ರವನ್ನು ಮಡಚತೊಡಗಿದೆ.

“ಅವರ ಕುರ್ಚಿ ಹಿಂದುಗಡೆ ಗೋಡೆ. ನಿಮ್ಮ ಕಣ್ಣೆದುರಿಗೆ. ನಾನು ತೀರ್ಪು ಕೊಡೋಳು, ನಿಮ್ಮ ಮುಖಾನೇ ನೋಡ್ತಾ ಕೂತಿದ್ದೆ. ನಾಲ್ಕು ನಿಮಿಷ ಆಯ್ತು. ನೀವು ಗಡಿಯಾರ ನೋಡಿದ್ರಿ. ಇವಳ ಕೈ ನೋಡಿದ್ರಿ. ಆಮೇಲೆ ಆ ಹನ್ನೆರಡು ವರ್ಷದ ಪುರಾಣ ಎತ್ತಿಕೊಂಡ್ರಿ. ಎರಡು ಅಂಕ ಯಾಕೆ ಕಳೆದೆ ಗೊತ್ತಾ ನಿಮಗೆ? ಒಂದು ಸಲ, ಒಂದೇ ಒಂದು ಸಲ ‘ಹೋಗಬೇಡ’ ಅಂತೀರೇನೋ ಅಂತ ಕಾದೆ. ಅನ್ನಲಿಲ್ಲ. ಕಳೆದೆ. ಕಳೀಬಾರದಿತ್ತು. ಅದು ನನ್ನ ಹಣೆಬರಹ, ನಾನು ನೋಡ್ಕೋತೀನಿ.”

ದಾರವನ್ನು ಹಲ್ಲಿನಿಂದ ಕಡಿದು, ಅಂಗಿಯನ್ನು ನನ್ನ ಮಡಿಲಿಗೆ ಹಾಕಿ ಒಳಗೆ ಹೋದಳು. ಅವಳು ಎತ್ತಿದ ಮಾತಿಗೆ ಮೂರು ತಿಂಗಳು ಉತ್ತರ ಹುಡುಕಿದೆ. ನನ್ನ ಬಳಿ ಇಲ್ಲ. ಆದ್ದರಿಂದ ಮಾರ್ಚ್ ೯ರ ನನ್ನ ಹೇಳಿಕೆಯನ್ನು ತಿದ್ದಿಕೊಡಬೇಕಾಗಿದೆ.

ಗಂಟೆ ಬೀಳಲಿಲ್ಲ, ನಿಜ. ಆದರೆ ಬೀಳಲಿಲ್ಲವೆಂಬುದು ಆ ಕ್ಷಣದಲ್ಲಿಯೇ ನನಗೆ ತಿಳಿದಿತ್ತು. ಮುಳ್ಳು ನನ್ನ ಕಣ್ಣ ಮುಂದೆಯೇ ನಾಲ್ಕನೆಯ ನಿಮಿಷವನ್ನು ದಾಟಿತು. ಮಗಳ ಕೈಯಲ್ಲಿ ಚಮಚ ಅರ್ಧದವರೆಗೆ ಎದ್ದು, ಮತ್ತೆ ಇಳಿದದ್ದನ್ನು ನೋಡಿದೆ. ಕೊನೆಯ ನಿಮಿಷಕ್ಕೆಂದು ನಾನು ಎತ್ತಿಟ್ಟುಕೊಂಡಿದ್ದ ವಾಕ್ಯ ಇದು: ‘ಹೋಗಬೇಡ ಮಗಳೇ, ನನಗೆ ಭಯವಾಗುತ್ತದೆ.’ ನೀನು ಕೇಳಿದ್ದೆಯಲ್ಲ, ಇಷ್ಟೇ. ಇದರಲ್ಲಿ ಆಧಾರವಿಲ್ಲ, ತರ್ಕವಿಲ್ಲ, ಒಂದು ಅಂಕಿಯೂ ಇಲ್ಲ. ಇದು ವಾದವಲ್ಲ, ಯಾಚನೆ. ಸ್ಪರ್ಧೆಗಳಿಗೆ ತೀರ್ಪುಗಾರನಾಗಿ ಹೋದಾಗ ಇಂಥ ಮಾತಾಡಿದ ಎಷ್ಟೋ ಮಕ್ಕಳ ಅಂಕಗಳನ್ನು ನಾನು ಕತ್ತರಿಸಿದ್ದೇನೆ. ಅದನ್ನು ನಿನ್ನೆದುರು, ನನ್ನ ಮನೆಯ ಮೇಜಿನಲ್ಲಿ ಹೇಳುವುದು ನನ್ನಿಂದಾಗಲಿಲ್ಲ. ಗಂಟೆ ಬಿದ್ದಿದ್ದರೆ ಹೇಳಲೇಬೇಕಾಗುತ್ತಿತ್ತು. ಬೀಳಲಿಲ್ಲ, ನನಗೆ ಹಾಯೆನಿಸಿತು. ಹೌದು, ಅದೇ ಪದ. ಅರವತ್ತು ಸೆಕೆಂಡುಗಳನ್ನು ಅಪಘಾತಗಳ ಲೆಕ್ಕದಿಂದ ತುಂಬಿಸಿ, ಎರಡು ಸಲ ಬಾರಿಸಿದಾಗ ನಿಯಮಪಾಲಕನಂತೆ ಕೂತುಬಿಟ್ಟೆ. ಆಮೇಲೆ ಆ ಪೂರ್ತಿ ನಿಮಿಷವನ್ನು ಅವಳ ತಲೆಗೆ ಕಟ್ಟಿದೆ.

ನೀನು ಕದ್ದದ್ದು ಗಂಟೆಯನ್ನು. ನಿಮಿಷ ನನ್ನ ಬಳಿಯೇ ಇತ್ತು.

ಇದರಿಂದ ನಿನ್ನ ತಪ್ಪು ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ನನ್ನ ಮಗಳಿಗೆ ಬದುಕಿನ ಕೊನೆಯ ವರ್ಷ ಪೂರ್ತಿ ತಂದೆಯಿಂದ ಮುಚ್ಚಿಡುವ ಒಂದು ಮಾತನ್ನು ನೀನು ಕೊಟ್ಟೆ. ಎರಡು ರಜೆಗಳಲ್ಲಿ ಅವಳು ನನ್ನೆದುರು ಅದನ್ನು ಬಾಯಲ್ಲಿಟ್ಟುಕೊಂಡು ಕೂತಿದ್ದಳು. ನಿನ್ನನ್ನು ಕ್ಷಮಿಸಿದ್ದೇನೆಂದು ಈ ಪತ್ರವನ್ನು ಓದಿಕೊಳ್ಳಬೇಡ. ಕ್ಷಮಿಸುವ ಅಧಿಕಾರವಿದ್ದವಳು ಇಲ್ಲ. ಮೂವತ್ತೈದು ವರ್ಷ ಎದುರುಬದುರು ನಿಂತವರು ನಾವು. ಮೊದಲ ಸಲ ಒಂದೇ ಪಕ್ಷದಲ್ಲಿ ನಿಂತಿದ್ದೇವೆ, ಅದೂ ಆರೋಪಿಗಳ ಪಕ್ಷದಲ್ಲಿ. ಇದನ್ನು ಸ್ನೇಹವೆಂದು ಕರೆಯುವ ಧೈರ್ಯ ನನಗಿಲ್ಲ. ಆದರೆ ಇಲ್ಲಿ ನನ್ನ ಪಕ್ಕದಲ್ಲಿ ಬೇರೆ ಯಾರೂ ಇಲ್ಲ.

ಹೊಸ ಅಚ್ಚಿಗೆ ಬರುತ್ತೇನೆ. ದಿನ ತಿಳಿಸು.

ಒಂದು ಷರತ್ತು. ಗಾರೆ ಗಟ್ಟಿಯಾಗುವ ಐದು ನಿಮಿಷ ನಾನು ಮಾತನಾಡಲಾರೆ. ಅಷ್ಟು ಹೊತ್ತು ನೀನು ಮಾತಾಡಬೇಕು, ಮರಿಯ ಬಗ್ಗೆ. ಅಡುಗೆಮನೆಯಲ್ಲಿ ಅವಳು ಹೇಗೆ ನಿಂತಿದ್ದಳು, ಏನು ತೊಟ್ಟಿದ್ದಳು, ಫೋನಿನಲ್ಲಿ ಇನ್ನೇನು ಹೇಳಿದಳು. ನನಗೆ ಹೇಳದೆ ನಿನಗೆ ಹೇಳಿದ್ದೆಲ್ಲವೂ. ಖಂಡಿಸಲು ನನ್ನ ಬಾಯಿ ಖಾಲಿ ಇರುವುದಿಲ್ಲ. ನಾಲ್ಕನೆಯ ನಿಮಿಷಕ್ಕೆ ಎಚ್ಚರಿಕೆಯ ಗಂಟೆ ಬಾರಿಸತಕ್ಕದ್ದು. ಚಮಚವನ್ನು ನಾನು ತರುತ್ತೇನೆ.

ಪೀಠಿಕೆ


೨೭ ಆಗಸ್ಟ್

ಪೀಠಿಕೆ,

ಸೆಪ್ಟೆಂಬರ್ ಹದಿನಾಲ್ಕು, ಬೆಳಿಗ್ಗೆ ಹತ್ತು ಗಂಟೆ. ಬರುವ ಮೊದಲು ಏನೂ ತಿನ್ನಬೇಡ. ಹಳೆಯ ಅಚ್ಚನ್ನು ಒಡೆದಿಲ್ಲ. ನೀನು ಹೇಳಿದ್ದನ್ನೆಲ್ಲ ನಾನು ಯಾವಾಗ ಕೇಳಿದ್ದೇನೆ?

ರೈಲು ನಿಲ್ದಾಣಕ್ಕೆ ನಾನು ಬರುವುದಿಲ್ಲ. ಅಲ್ಲಿ ನೀನು ಕೈ ಚಾಚಿಬಿಟ್ಟರೆ, ನನ್ನ ಬಾಯಿಯ ಮೇಲೆ ನನಗೆ ಭರವಸೆಯಿಲ್ಲ. ನೇರವಾಗಿ ಒಳಗೆ ಬಂದು ಕುರ್ಚಿಯಲ್ಲಿ ಕೂತುಬಿಡು. ಲೋಟ ತೊಳೆದಿಟ್ಟಿರುತ್ತೇನೆ.

ಗೋಡೆಯ ಗಡಿಯಾರವನ್ನು ಆ ಕುರ್ಚಿಯ ಹಿಂದಕ್ಕೆ ಹಾಕಿದ್ದೇನೆ. ನಿನಗೆ ಕಾಣುವುದಿಲ್ಲ.

ಚಟಾಕಿ